ಎದುರುಮನೆಗಿಂತ ಒಂದು ಗೇಣು

ಹಾನಗಲ್ಲಿನ ಆ ಓಣಿಯಲ್ಲಿ ಯಾರ ಮನೆ ಎಷ್ಟರದು ಎಂದು ತಿಳಿಯಬೇಕಾದರೆ ಒಳಗೆ ಹೋಗಿ ನೋಡಬೇಕಿಲ್ಲ, ಕಟ್ಟೆ ನೋಡಿದರೆ ಸಾಕು. ಬಾಗಿಲ ಮುಂದೆ ಗಟಾರದ ಮೇಲೆ ಹಾಸುಗಲ್ಲು ಚಾಚಿ, ಅದರ ಮೇಲೆ ಸಿಮೆಂಟು ಬಳಿದು ಕಟ್ಟಿದ ಕಟ್ಟೆ. ಸಂಜೆ ಹೊತ್ತು ಹೆಂಗಸರು ಕೂತು ಮೆಂತ್ಯೆಸೊಪ್ಪು ಸೋಸುವುದು, ಶೇಂಗಾ ಬಿಡಿಸುವುದು, ಹೋಗಿಬರುವವರ ಸೀರೆಗೆ ಬೆಲೆ ಕಟ್ಟುವುದು ಎಲ್ಲ ಅಲ್ಲೇ. ಎತ್ತರದ ಕಟ್ಟೆಯವಳು ಮಾತಾಡುತ್ತಾಳೆ, ತಗ್ಗಿನ ಕಟ್ಟೆಯವಳು ತಲೆ ಎತ್ತಿ ಕೇಳುತ್ತಾಳೆ. ಇದು ಅಲ್ಲಿನ ರಿವಾಜು.

ಎಲ್ಲರಿಗಿಂತ ಎತ್ತರದ ಕಟ್ಟೆ ಸುಧಾರಾಣಿಯದು. ಗಂಡ ರುದ್ರೇಶನಿಗೆ ಮಾರ್ಕೆಟ್ಟಿನಲ್ಲಿ ಭತ್ತದ ಅಡತಿ ಅಂಗಡಿ. ಮನೆ ಹಳೆಯದು, ಮಣ್ಣಿನ ಗೋಡೆಯದು, ಆದರೆ ಕಟ್ಟೆ ಮಾತ್ರ ಹೊಸದು. ಅದು ಮೊದಲಿಂದ ಅಷ್ಟು ಎತ್ತರ ಇರಲಿಲ್ಲ. ಎದುರುಮನೆಯ ಜಯಶ್ರೀ, ಬಸ್ ಕಂಡಕ್ಟರ್ ಬಸವೇಶನ ಹೆಂಡತಿ, ಹೊಲಿಗೆ ಹಾಕಿ ಕೂಡಿಟ್ಟ ದುಡ್ಡಿನಲ್ಲಿ ತನ್ನ ಕಟ್ಟೆಯನ್ನು ಸುಧಾರಾಣಿಯ ಕಟ್ಟೆಗೆ ಸಮ ಮಾಡಿಸಿದ ದಿನ ಸುಧಾರಾಣಿಗೆ ಊಟ ಸೇರಲಿಲ್ಲ. ಮರುವಾರವೇ ಯಲ್ಲಪ್ಪ ಗೌಂಡಿಯನ್ನು ಕರೆಸಿ, "ಆಕಿ ಕಟ್ಟಿಗಿಂತ ಒಂದು ಗೇಣು ಮ್ಯಾಲೆ ಇರಬೇಕು ನೋಡು" ಅಂದಳು. ಜಯಶ್ರೀ ಸುಮ್ಮನಿರುವವಳೆ? ಆಕೆ ಗ್ರಾನೈಟ್ ಹಾಕಿಸಿ ಮತ್ತೆ ಸಮಕ್ಕೆ ಬಂದಳು. ಸುಧಾರಾಣಿ ಇನ್ನೊಂದು ಗೇಣು ಏರಿಸಿದಳು. ಹೀಗೆ ಏರಿಸಿ ಏರಿಸಿ ಕೊನೆಗೆ ಸುಧಾರಾಣಿಯ ಮನೆಯ ನೆಲಕ್ಕಿಂತ ಕಟ್ಟೆಯೇ ಎತ್ತರವಾಯಿತು. ಬಂದವರು ಮೊದಲು ಕಟ್ಟೆ ಹತ್ತಬೇಕು, ಆಮೇಲೆ ಮನೆಯೊಳಗೆ ಇಳಿಯಬೇಕು. ಎರಡೂ ಮನೆಯವರಿಗೆ ಕೈಮುಗಿಯುವವನು ಯಲ್ಲಪ್ಪ ಒಬ್ಬನೇ.

ಈ ಕಟ್ಟೆಗಳ ಹೊಟ್ಟೆಯೊಳಗೆ ಗಟಾರ ಎಂಬುದೊಂದು ಇದೆ ಎನ್ನುವುದನ್ನು ಓಣಿ ಮರೆತೇಬಿಟ್ಟಿತ್ತು. ನೆನಪಿದ್ದವಳು ಜನ್ನತಬಿ ಮಾತ್ರ, ಯಾಕೆಂದರೆ ಆಕೆಯ ಮನೆ ಓಣಿಯ ಕೆಳತುದಿಗೆ. ಹೋದ ವರ್ಷ ಶ್ರಾವಣದಲ್ಲಿ ಒಂದೇ ಮಧ್ಯಾಹ್ನ ಬಾನಿಗೆ ತೂತು ಬಿದ್ದಹಾಗೆ ಸುರಿಯಿತು. ಗಟಾರ ಬಾಯಿ ಕಟ್ಟಿತ್ತು, ನೀರು ರಸ್ತೆ ಹಿಡಿದು ಸೀದಾ ಜನ್ನತಬಿಯ ಮನೆ ಹೊಕ್ಕಿತು. ವರ್ಷದ ಜೋಳ ನೆನೆದು ಮೊಳಕೆ ಒಡೆಯಿತು. ಅದನ್ನು ಹರವಿ ಒಣಗಿಸಲು ಆಕೆಗೆ ಸಿಕ್ಕ ಒಣ ಜಾಗ ಸುಧಾರಾಣಿಯ ಕಟ್ಟೆಯೇ. ಸುಧಾರಾಣಿ ದೊಡ್ಡ ಮನಸ್ಸಿನಿಂದ ಜಾಗ ಕೊಟ್ಟಳು, ಜೊತೆಗೆ ಚಹಾ ಕೊಟ್ಟಳು, ನಿಮ್ಮ ಮನಿ ಇಷ್ಟು ತಗ್ಗಿನ್ಯಾಗ ಯಾಕ ಕಟ್ಟಿದ್ರಿ ಎಂದೂ ಕೇಳಿದಳು.

ಈ ವರ್ಷ ಬಿಸಿಲು ಕಡಿಮೆಯಾಗುವ ಮೊದಲೇ ಪುರಸಭೆಯವರು ಓಣಿ ಓಣಿಗೆ ಸಭೆ ಮಾಡಿದರು. ಇವರ ಓಣಿಯ ಸಭೆ ಬೇವಿನ ಮರದ ಕೆಳಗೆ. ಬಂದಿದ್ದವಳು ಹೊಸ ಇಂಜಿನಿಯರ್ ಮೇಡಂ. ಮಳೆ ಮೊದಲಿನ ಹಾಗಿಲ್ಲ, ತಿಂಗಳಿನದು ಒಂದು ಹೊತ್ತಿಗೆ ಬೀಳುತ್ತದೆ, ಬೀಳಬೇಡ ಅಂದರೆ ಕೇಳುವುದಿಲ್ಲ, ನಾವೇ ಸಜ್ಜಾಗಿರಬೇಕು ಎಂದು ಆಕೆ ಹೇಳಿದಳು. ಮುಂಗಾರಿಗೆ ಮೊದಲು ಗಟಾರದ ಮೇಲಿನ ಕಟ್ಟೆ ತೆಗೆದು ಹೂಳು ಎತ್ತಬೇಕು. ನಡೆಯಲಾರದವರು ಯಾವ ಮನೆಯಲ್ಲಿದ್ದಾರೆ, ಅವರನ್ನು ಯಾರು ಎತ್ತಿಕೊಂಡು ಬರುತ್ತಾರೆ ಎಂದು ಮೊದಲೇ ಮಾತಾಡಿಕೊಂಡಿರಬೇಕು. ನೀರು ಬಂದರೆ ಮೊದಲು ಕರೆಂಟಿನ ಮೇನ್ ಇಳಿಸಬೇಕು. ಮಣ್ಣಿನ ಗೋಡೆಯ ಬುಡಕ್ಕೆ ನೀರು ನಿಂತರೆ ಅದರ ಹತ್ತಿರ ಯಾರೂ ಕೂಡಬಾರದು, ಸರಕಾರಿ ಕನ್ನಡ ಸಾಲಿಯ ಮಾಳಿಗೆಗೆ ಹೋಗಬೇಕು. ಇದನ್ನೆಲ್ಲ ನೋಡಿಕೊಳ್ಳಲು ಓಣಿಗೊಬ್ಬಳು ಮುಂದಾಳು ಬೇಕು, ಆಕೆಗೆ ಒಂದು ಸೀಟಿ, ಒಂದು ಕೇಸರಿ ಜಾಕೀಟು.

ಸುಧಾರಾಣಿ ಇಳಕಲ್ ಸೀರೆ ಉಟ್ಟು ಹೋಗಿದ್ದಳು. ಮುಂದಾಳು ತಾನಲ್ಲದೆ ಇನ್ಯಾರು? ಏನು ಹೇಳಬೇಕು ಎಂಬುದನ್ನೂ ಮನೆಯಲ್ಲೇ ಹೊಂದಿಸಿಕೊಂಡಿದ್ದಳು. ಮೊದಲು "ನನಗ ಮನಿ ಕೆಲಸನ ಹರಿಯಂಗಿಲ್ರಿ" ಎನ್ನುವುದು, ಎಲ್ಲರೂ ಒತ್ತಾಯ ಮಾಡುವುದು, ಮತ್ತೊಮ್ಮೆ ಒಲ್ಲೆ ಎನ್ನುವುದು, ಆಮೇಲೆ "ನೀವು ಇಷ್ಟು ಅಂತೀರಿ ಅಂದಮ್ಯಾಲೆ" ಎಂದು ಒಪ್ಪುವುದು. ದೊಡ್ಡಮನೆಯವರು ಯಾವ ಮಾನವನ್ನಾದರೂ ಹಾಗೆಯೇ ತಗೊಳ್ಳುವುದು. ಮೇಡಂ "ಯಾರಾಗ್ತೀರಿ?" ಎಂದು ಕೇಳಿದಳು. ಸುಧಾರಾಣಿ ಸೆರಗು ಸರಿಮಾಡಿಕೊಂಡು ಮೊದಲನೆಯ ಒಲ್ಲೆ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಜಯಶ್ರೀ ಎದ್ದು ನಿಂತಿದ್ದಳು.

"ನಾ ಆಗ್ತೇನ್ರಿ. ಮೊದಲ ನನ್ನ ಕಟ್ಟೀನ ಒಡೀತೇನಿ."

ಎಲ್ಲರೂ ಚಪ್ಪಾಳೆ ತಟ್ಟಿದರು. ಜನ್ನತಬಿಯಂತೂ ಕಣ್ಣೊರೆಸಿಕೊಂಡಳು. ಸುಧಾರಾಣಿಯೂ ಎರಡು ಬೆರಳಿನಲ್ಲಿ ಚಪ್ಪಾಳೆ ತಟ್ಟಿದಳು. ಮೈಯೆಲ್ಲ ಉರಿದುಹೋಗಿತ್ತು.

ಜಯಶ್ರೀ ಹೇಳಿದಂತೆಯೇ ಮಾಡಿದಳು. ಗ್ರಾನೈಟ್ ಹಾಕಿದ ಕಟ್ಟೆಯನ್ನು ನಿಂತು ಒಡೆಸಿದಳು. ಅದು ಬೀಳುವುದನ್ನು ಸುಧಾರಾಣಿ ಎದುರಿನಿಂದ ನೋಡಿದಳು. ಇಷ್ಟು ವರ್ಷ ಯಾವುದು ಬೀಳಲಿ ಎಂದು ಹಂಬಲಿಸಿದ್ದಳೋ ಅದು ಬಿತ್ತು, ಆದರೆ ಬೀಳಿಸಿದವಳ ಮುಖದಲ್ಲಿ ಸೋತ ಕಳೆಯೇ ಇಲ್ಲ. ಆಮೇಲೆ ಒಂದೊಂದಾಗಿ ಓಣಿಯ ಕಟ್ಟೆಗಳೆಲ್ಲ ಉರುಳಿದವು. ಎಲ್ಲರ ಗಟಾರ ಬಿಸಿಲು ಕಂಡಿತು, ಹೂಳು ಹೋಯಿತು, ಮೇಲೆ ಎತ್ತಿಡಬಹುದಾದ ಕಬ್ಬಿಣದ ಜಾಳಿ ಬಂತು. ಕೇಸರಿ ಜಾಕೀಟು ತೊಟ್ಟ ಜಯಶ್ರೀ ಮನೆಮನೆಗೆ ಹೋಗಿ ಜೋಳದ ಚೀಲ ಅಟ್ಟಕ್ಕೆ ಏರಿಸಿದರೋ ಇಲ್ಲವೋ ಎಂದು ನೋಡಿದಳು. ಒಂದು ದಿನ ಸೀಟಿ ಊದಿ ಎಲ್ಲರನ್ನೂ ಸಾಲಿಯ ಮಾಳಿಗೆಗೆ ನಡೆಸಿಕೊಂಡೂ ಹೋದಳು. ಸುಧಾರಾಣಿ ತಲೆನೋವು ಎಂದು ಹೋಗಲಿಲ್ಲ.

ಸಂಜೆಯ ಕೂಟವೂ ಜಾಗ ಬದಲಿಸಿತು. ಜಯಶ್ರೀಯ ಮನೆಯ ಮುಂದೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಹೆಂಗಸರು ಕೂಡತೊಡಗಿದರು. ಸುಧಾರಾಣಿ ತನ್ನ ಕಟ್ಟೆಯ ಮೇಲೆ ಒಬ್ಬಳೇ. ಎತ್ತರವೇನೋ ಹಾಗೇ ಇತ್ತು, ತಲೆ ಎತ್ತಿ ನೋಡುವವರು ಇರಲಿಲ್ಲ. ಅದಾದರೂ ತಡೆದುಕೊಳ್ಳುತ್ತಿದ್ದಳೇನೋ. ಆದರೆ ಅತ್ತೆ ವೀರವ್ವ, ಮೊಣಕಾಲು ನೋವೆಂದು ದೇವರಮನೆಗೂ ಗೋಡೆ ಹಿಡಿದು ಹೋಗುವ ಮುದುಕಿ, ಸಂಜೆಯಾದರೆ ಕಟ್ಟೆ ಹತ್ತಿ ಇಳಿದು ಕೋಲು ಊರಿಕೊಂಡು ಎದುರುಮನೆಗೆ ನಡೆದುಬಿಡುತ್ತಿದ್ದಳು. ಅಲ್ಲಿಂದ ಆಕೆಯ ನಗು ಕೇಳುತ್ತಿತ್ತು. ಸೊಸೆಯ ಎದುರು ಆಕೆ ಹಾಗೆ ನಕ್ಕದ್ದೇ ಇಲ್ಲ.

ಒಂದು ದಿನ ಜಯಶ್ರೀ ಇವರ ಬಾಗಿಲಿಗೂ ಬಂದಳು.

"ಅಕ್ಕಾರ, ಓಣ್ಯಾಗ ನಿಮ್ಮದೊಂದ ಕಟ್ಟಿ ಉಳದೈತ್ರಿ."

"ಉಳೀಲಿ. ನನ್ನ ಕಟ್ಟಿ ನಿನಗ ಏನ್ ಮಾಡೇತಿ?"

"ನನಗೇನೂ ಮಾಡಿಲ್ರಿ. ನೀರಿಗೆ ದಾರಿ ಬೇಕಲ್ರಿ."

"ನೀರಿಗೆ ದಾರಿ ಹೇಳಿಕೊಡಾಕ ನೀ ಅದಿಯಲ್ಲ, ಸೀಟಿ ಹಿಡಕೊಂಡು. ಊದು, ಅತ್ತಾಗ ಹೊಕ್ಕತಿ."

ಜಯಶ್ರೀಯ ಮುಖ ಕೆಂಪಾಯಿತು, ಆದರೂ ನುಂಗಿಕೊಂಡಳು. "ಹೋಗ್ಲಿ ಬಿಡ್ರಿ. ಅಮ್ಮಾರಿಗೆ ಕಾಲು ಬರಂಗಿಲ್ಲ. ಮಳಿ ಜೋರಾದ್ರ ಅವ್ರನ್ನ ಎತ್ತಿಕೊಂಡು ಹೋಗಾಕ ಇಬ್ಬರನ್ನ ಹೇಳಿ ಇಡ್ಲೇನ್ರಿ?"

"ನಮ್ಮ ಮನ್ಯಾಗ ಹೊತಗೊಂಡು ಹೋಗುವಂಥವರು ಯಾರೂ ಇಲ್ಲ. ನಮ್ಮತ್ತಿ ಬೇಕಾದ್ರ ಓಡ್ತಾರ."

"ಎಲ್ಲಿಗೆ ಓಡ್ಲೆವಾ?" ಎಂದು ವೀರವ್ವ ಒಳಗಿನಿಂದ ಕೇಳಿದಳು. ಸುಧಾರಾಣಿ ಬಾಗಿಲು ಹಾಕಿಕೊಂಡಳು.

ಅದೇ ವಾರ ಯಲ್ಲಪ್ಪನಿಗೆ ಹೇಳಿಕಳಿಸಿದಳು. ಓಣಿಯ ಕಟ್ಟೆಗಳೆಲ್ಲ ಬಿದ್ದು ದಂಧೆ ಇಲ್ಲದೆ ಕೂತಿದ್ದ ಯಲ್ಲಪ್ಪ ಓಡಿಬಂದ. ರಸ್ತೆಯ ನೀರು ಒಳಗೆ ಬರದಂತೆ ಏನು ಮಾಡಬೇಕೋ ಮಾಡು ಎಂದಳು. "ಹೊಸ್ತಿಲನ ಮೊಣಕಾಲಮಟ ಏರಸೂಣ್ರಿ," ಎಂದ ಅವನು ಹುರುಪಿನಿಂದ, "ಓಣ್ಯಾಗ ವರದಾ ಹೊಳಿ ಹರದ್ರೂ ನಿಮ್ಮ ಪಡಸಾಲಿಗೆ ಹನಿ ಬರಂಗಿಲ್ಲ." ಹೊಸ್ತಿಲಿನ ಮೂಲೆಯಲ್ಲಿ, ಕಟ್ಟೆಯ ಕೆಳಗಿನಿಂದ ಗಟಾರಕ್ಕೆ ಹೋಗುವ ಹಳೆಯ ಮೋರಿಯೊಂದಿತ್ತು. ಮಾವನ ಕಾಲದ್ದು. ರಸ್ತೆಯ ನೀರು ಆ ತೂತಿನಿಂದ ನುಗ್ಗಿದರೆ ಎಂದು ಅದಕ್ಕೂ ಸಿಮೆಂಟು ತುಂಬಿಸಿದಳು.

"ಇದೇನು ಮನಿಯೋ, ಬಂಕಾಪುರದ ಕೋಟಿಯೋ?" ಎಂದ ರುದ್ರೇಶ, ಮೊದಲ ದಿನವೇ ಮೊಣಕಾಲು ಬಡಿಸಿಕೊಂಡು.

ವೀರವ್ವ ಹೊಸ್ತಿಲನ್ನು ಕೋಲಿನಿಂದ ಕುಟ್ಟಿ ನೋಡಿದಳು. "ನಾ ಹೊರಗ ಹ್ಯಾಂಗ ಹೋಗ್ಲಿ?"

"ನಿಮಗ ಹೊರಗ ಏನ್ ಕೆಲಸೈತ್ರಿ ಅತ್ತಿ?" ಎಂದಳು ಸುಧಾರಾಣಿ. ಇದೂ ಒಂದು ಲಾಭವೇ ಆಯಿತಲ್ಲ ಎಂದು ಒಳಗೊಳಗೇ ಹಿಗ್ಗಿದಳು. ಆ ಸಂಜೆಯಿಂದ ಎದುರುಮನೆಯ ಕುರ್ಚಿಗಳಲ್ಲಿ ಒಂದು ಖಾಲಿ ಉಳಿಯಿತು.

ಪುಷ್ಯ ನಕ್ಷತ್ರದ ಮಳೆ ಹಿಡಿದದ್ದು ಊಟದ ಹೊತ್ತಿಗೆ. ರುದ್ರೇಶ ಹಾವೇರಿಗೆ ಹೋಗಿದ್ದ. ಮೊದಲು ಗಾಳಿ, ಆಮೇಲೆ ಕತ್ತಲೆ, ಆಮೇಲೆ ಎದುರಿನ ಮನೆಯೇ ಕಾಣದಷ್ಟು ನೀರು. ಸ್ವಲ್ಪ ಹೊತ್ತಿಗೆಲ್ಲ ಸೀಟಿ ಕೇಳಿಸಿತು. ಸುಧಾರಾಣಿ ಹೊಸ್ತಿಲಿನ ಒಳಗೆ ನಿಂತು ನೋಡಿದಳು. ಜಾಕೀಟು ತೊಟ್ಟ ಜಯಶ್ರೀ ಮಳೆಯಲ್ಲಿ ಅತ್ತಿಂದಿತ್ತ ಓಡಾಡುತ್ತಿದ್ದಳು. ಇಬ್ಬರು ಹುಡುಗರು ಮೂಲೆಮನೆಯ ಮುದುಕನನ್ನು ಕುರ್ಚಿಯಲ್ಲಿ ಕೂಡಿಸಿಕೊಂಡು ಸಾಲಿಯ ಕಡೆ ಹೊರಟಿದ್ದರು. ಗಟಾರಗಳು ತುಂಬಿ, ಆದರೆ ಅಂಚು ಮೀರದೆ, ದಡದಡ ಓಡುತ್ತಿದ್ದವು. ಸುಧಾರಾಣಿಯ ಕಟ್ಟೆಗೆ ಬಂದು ಬಡಿದ ನೀರು ಮಾತ್ರ ಅಲ್ಲಿ ತಡೆದು, ರಸ್ತೆ ದಾಟಿ, ಎದುರಿನ ಗಟಾರಕ್ಕೆ ಬೀಳುತ್ತಿತ್ತು. ಕೆಳತುದಿಯಲ್ಲಿ ಜನ್ನತಬಿ ಬಾಗಿಲಲ್ಲಿ ನಿಂತು ಎಲ್ಲ ಸರಿಯಿದೆ ಎಂದು ಕೈಬೀಸುತ್ತಿದ್ದಳು. ಆ ಕೈಬೀಸುವಿಕೆ ಜಯಶ್ರೀಗೆ ಎಂಬುದು ಸುಧಾರಾಣಿಗೆ ಗೊತ್ತಾಯಿತು.

ಇರಲಿ, ತನ್ನ ಮನೆಗೂ ಹನಿ ಬಂದಿಲ್ಲವಲ್ಲ. ಯಾರ ಸೀಟಿಯೂ ಇಲ್ಲದೆ, ತನ್ನ ಬುದ್ಧಿಯಿಂದ. ಹಾಗಂದುಕೊಂಡು ಕಾಲು ತೆಗೆದಿಡುವಾಗ ಪಾದ ತಣ್ಣಗಾಯಿತು.

"ಸುಧಾ," ಎಂದು ನಡುಮನೆಯಿಂದ ವೀರವ್ವ ಕೂಗಿದಳು, "ನನ್ನ ಚಪ್ಪಲಿ ತೇಲಾಕತ್ತಾವು ನೋಡು."

ನೀರು ಹಿತ್ತಲಿನಿಂದ ಬಂದಿತ್ತು. ಹಿತ್ತಲ ಆಚೆಗಿನ ಭತ್ತದ ಗದ್ದೆಯ ಬದು ಒಡೆದು, ಕೆಂಪು ನೀರು ಬಚ್ಚಲಿಂದ, ಹಿತ್ತಲ ಬಾಗಿಲಿನಿಂದ ಒಳಗೆ ನುಗ್ಗುತ್ತಿತ್ತು. ಮನೆಯ ನೆಲ ಹಿಂದಿನಿಂದ ಮುಂದಕ್ಕೆ ಇಳಿಜಾರು. ಮಾವನ ಕಾಲದಲ್ಲಾದರೆ ಅದು ಪಡಸಾಲೆ ದಾಟಿ ಮೋರಿ ಹಿಡಿದು ಗಟಾರಕ್ಕೆ ಹೋಗಿಬಿಡುತ್ತಿತ್ತು. ಈಗ ಹೊಸ್ತಿಲಿಗೆ ಬಂದು ಬಡಿದು, ತಿರುಗಿ, ಏರತೊಡಗಿತು. ಸುಧಾರಾಣಿ ಬಕೆಟ್ಟು ತಗೊಂಡು ಮೊಗೆದು ಮೊಗೆದು ಹೊಸ್ತಿಲಿನ ಆಚೆಗೆ ಚೆಲ್ಲಿದಳು. ಒಂದು ಚೆಲ್ಲಿದರೆ ಹತ್ತು ಬರುತ್ತಿತ್ತು. ಹೊರಗಿನ ನೀರಿಗೆಂದು ಕಟ್ಟಿದ ಒಡ್ಡು ಒಳಗಿನ ನೀರನ್ನು ಬಹಳ ಚೆನ್ನಾಗಿ ಹಿಡಿದು ನಿಲ್ಲಿಸಿತ್ತು. ಯಲ್ಲಪ್ಪನ ಕೆಲಸಕ್ಕೆ ಹೆಸರಿಡುವಂತಿರಲಿಲ್ಲ.

ಆಗ ವೀರವ್ವನ ಹಿಂದಿನ ಗೋಡೆಯಿಂದ ಗಿಲಾವು ಒಂದು ಹಲಗೆಯಷ್ಟಗಲ ಕಳಚಿ ನೀರಿಗೆ ಬಿತ್ತು. ಒಳಗಿನ ಹಸಿಮಣ್ಣು ಕಾಣಿಸಿತು. ಬೇವಿನ ಮರದ ಕೆಳಗೆ ಮೇಡಂ ಇದನ್ನೇ ಏನೋ ಹೇಳಿದ್ದಳು. ಆ ಹೊತ್ತಿಗೆ ಸುಧಾರಾಣಿ ಜಯಶ್ರೀಯ ಸೀರೆ ಹೊಸದೋ ಹಳೆಯದೋ ಎಂದು ನೋಡುತ್ತಿದ್ದಳು.

ಮೇನ್ ಇಳಿಸಿದಳು. ಅತ್ತೆಯನ್ನು ತಬ್ಬಿ ಎಬ್ಬಿಸಿ, ನೀರಿನಲ್ಲಿ ನಡೆಸಿಕೊಂಡು ಬಾಗಿಲಿಗೆ ಬಂದಳು. ಅಲ್ಲಿ ಹೊಸ್ತಿಲು. ವೀರವ್ವ ಕಾಲೆತ್ತಲು ನೋಡಿದಳು, ಮೊಣಕಾಲು ಮಡಚಲಿಲ್ಲ. ಸುಧಾರಾಣಿ ಸೊಂಟಕ್ಕೆ ಕೈಹಾಕಿ ಎತ್ತಿದಳು, ಆಗಲಿಲ್ಲ. ಮತ್ತೆ ಎತ್ತಿದಳು, ಇಬ್ಬರೂ ನೀರಿನಲ್ಲಿ ಕುಕ್ಕರಿಸಿದರು.

"ನೀ ಕಟ್ಟಿಸಿದ್ದು, ನೀನ ದಾಟಸು," ಎಂದಳು ಮುದುಕಿ, ತಣ್ಣಗೆ. ಆಮೇಲೆ ಸೊಸೆಯ ತೋಳು ಹಿಡಿದಳು. "ಸುಧಾ, ಗ್ವಾಡಿ ಬೀಳತೈತೇನ?"

ಹಿಂದೆ ಇನ್ನೊಂದು ಹಲಗೆ ಗಿಲಾವು ಬಿದ್ದ ಸದ್ದಾಯಿತು. ಸಭೆಯಾದ ದಿನದಿಂದ ಸುಧಾರಾಣಿ ಆ ಹೆಸರನ್ನು ಬಾಯಿಗೆ ತಂದಿರಲಿಲ್ಲ. ಎದುರುಮನಿಯಾಕಿ, ಸೀಟಿಯಾಕಿ, ಹೀಗೇ. ಈಗ ಹೊಸ್ತಿಲಿನ ಮೇಲೆ ಬಾಗಿ ಗಂಟಲು ಹರಿಯುವಂತೆ ಕೂಗಿದಳು.

"ಜಯಶ್ರೀ! ಏ ಜಯಶ್ರೀ! ಬಾರ ನಮ್ಮವ್ವಾ!"

ಜಯಶ್ರೀ ಬಂದಳು, ಹಿಂದೆ ಜನ್ನತಬಿ, ಇಬ್ಬರು ಹುಡುಗರು, ಒಂದು ಪ್ಲಾಸ್ಟಿಕ್ ಕುರ್ಚಿ. ಕುರ್ಚಿ ಒಳಗಿಳಿಸಿ, ವೀರವ್ವನನ್ನು ಕೂಡಿಸಿ, ನಾಲ್ಕೂ ಕಡೆ ಹಿಡಿದು ಹೊಸ್ತಿಲು ದಾಟಿಸಿದರು. ಜನ್ನತಬಿ ಮುದುಕಿಯ ತಲೆಗೆ ತನ್ನ ಸೆರಗು ಹಾಕಿ, ಹುಡುಗರ ಜೊತೆ ಸಾಲಿಯ ಕಡೆ ನಡೆದಳು.

ಜಯಶ್ರೀ ಹೋಗಲಿಲ್ಲ. ತನ್ನ ಮನೆಯಿಂದ ಹಾರೆ ತಂದಳು. "ಗ್ವಾಡಿ ಉಳೀಬೇಕಂದ್ರ ನೀರು ಹೊರಗ ಬಿಡಬೇಕ್ರಿ. ನೀವೂ ಹೊರಗ ಬರ್ರಿ ಮೊದಲ."

ಸುಧಾರಾಣಿ ಹೊರಗೆ ಬಂದು ಕಟ್ಟೆಯ ಮೇಲೆ ನಿಂತಳು. ನಾಲ್ಕು ಏಟಿಗೆ ಹೊಸ್ತಿಲು ಬಿರಿಯಿತು. ನೀರು ಹೊರಗೆ ಚಿಮ್ಮಿ ಬಂದು ಕಟ್ಟೆಯ ಒಡಲಿಗೆ ಬಡಿದು ನಿಂತಿತು. ಜಯಶ್ರೀ ಹಾರೆಯನ್ನು ಕಟ್ಟೆಯ ಕಡೆ ತಿರುಗಿಸಿದಳು.

"ಕಟ್ಟಿ ಬ್ಯಾಡ," ಎಂದುಬಿಟ್ಟಳು ಸುಧಾರಾಣಿ. ಮನೆ ಬೀಳುವ ಹೊತ್ತಿನಲ್ಲಿ ಬಾಯಿಗೆ ಬಂದದ್ದು ಅದೇ. "ಹೊಸ್ತಿಲ ಒಡದಿ, ಸಾಕು. ಕಟ್ಟಿ ಬಿಡು."

ಜಯಶ್ರೀ ಹಾರೆಯನ್ನು ನೆಲಕ್ಕೆ ಕುಕ್ಕಿದಳು. ಇಷ್ಟು ತಿಂಗಳು ನುಂಗಿದ್ದೆಲ್ಲ ಒಮ್ಮೆಲೇ ಬಾಯಿಗೆ ಬಂತು.

"ಈ ಕಟ್ಟಿ! ಈ ಕಟ್ಟಿ ಸಲುವಾಗಿ ನಾ ಎಷ್ಟು ಸಂಕಟ ಪಟ್ಟೇನಿ ಗೊತ್ತೇನ್ರಿ ನಿಮಗ? ದಿನಾ ಮುಂಜಾನೆ ಬಾಗಲಾ ತಗದ್ರ ಇದ ಕಣ್ಣಿಗೆ ಬೀಳ್ತಿತ್ತು. ನೀವು ಮ್ಯಾಲೆ ಕುಂತು, ಏನ್ ಜಯಶ್ರೀ, ಅರಾಮೇನು ಅಂತಿದ್ರಲ್ಲ, ಆಗ ಮೈಯಾಗ ಮುಳ್ಳು ಆಡ್ತಿದ್ವು. ನನಗ ಮಳಿ ಬಗ್ಗೆ ಏನ್ ಗೊತ್ತೈತಿ ಅಂತ ಮುಂದಾಳು ಆದ್ನೇನ್ರಿ? ಕಟ್ಟಿ ಒಡೀಬೇಕು ಅಂತ ಮೇಡಂ ಅಂದಕೂಡ್ಲೆ ನನಗ ಕಂಡಿದ್ದು ನಿಮ್ಮ ಕಟ್ಟಿ. ನಂದು ಒಡದ್ರ ನಾಚಿಕಿಗರ ನೀವೂ ಒಡೀತೀರಿ ಅಂದ್ಕೊಂಡೆ. ಒಡೀಲಿಲ್ಲ. ಇಡೀ ಓಣೀದು ಒಡಸಿದೆ. ಆಗೂ ಒಡೀಲಿಲ್ಲ! ನನ್ನ ಗ್ರಾನೈಟ್ ಕಟ್ಟಿ ಹೋತು, ಇದು ಇನ್ನೂ ಇಲ್ಲೇ ನಿಂತೈತಿ!"

ಮಳೆ ಸುರಿಯುತ್ತಲೇ ಇತ್ತು. ಜಯಶ್ರೀ ಅಳುತ್ತಿದ್ದಳೋ, ಮುಖದ ಮೇಲೆ ಬರೀ ಮಳೆ ನೀರೋ ಗೊತ್ತಾಗಲಿಲ್ಲ. ಸುಧಾರಾಣಿ ಬಾಯಿ ತೆರೆದುಕೊಂಡು ನೋಡುತ್ತ ನಿಂತಳು. ಅಂದರೆ ಈ ಗಟಾರಗಳು ತೆರೆದದ್ದು, ಜನ್ನತಬಿಯ ಜೋಳ ಈ ವರ್ಷ ಒಣಗೇ ಉಳಿದದ್ದು, ಮೂಲೆಮನೆಯ ಮುದುಕ ಮಾಳಿಗೆ ಸೇರಿದ್ದು, ಎಲ್ಲ ತನ್ನ ಕಟ್ಟೆಯ ಮೇಲಿನ ಹೊಟ್ಟೆಕಿಚ್ಚಿನಿಂದ! ಅತ್ತೆಯನ್ನು ಕಳೆದುಕೊಳ್ಳುತ್ತಿದ್ದೆ ಎಂಬ ಹೆದರಿಕೆ ಇನ್ನೂ ಇಳಿದಿರಲಿಲ್ಲ. ಅಂಥದರಲ್ಲೂ, ಒಪ್ಪಿಕೊಳ್ಳಲೇಬೇಕು, ಸುಧಾರಾಣಿಗೆ ಎಷ್ಟೋ ದಿನಗಳಿಂದ ಆಗದಷ್ಟು ಸಂತೋಷವಾಯಿತು.

"ಖರೇನ ಹೊಟ್ಟಿ ಉರೀತಿತ್ತೇನ?"

"ಉರೀತಿತ್ರಿ."

"ಭಾಳ?"

"ಭಾಳ ಅಂದ್ರ ಭಾಳ."

"ಕೊಡ ಇಲ್ಲಿ," ಎಂದು ಸುಧಾರಾಣಿ ಆಕೆಯ ಕೈಯಿಂದ ಹಾರೆ ಕಸಿದುಕೊಂಡಳು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಎರಡೂ ಕೈಯಿಂದ ಎತ್ತಿ, ತನ್ನ ಕಟ್ಟೆಯ ನಡುಮಧ್ಯಕ್ಕೆ ಹಾಕಿದಳು. ಅಷ್ಟು ಸಲ ಅದರ ಮೇಲೆ ಕೂತವಳಿಗೆ ಅದು ಎಷ್ಟು ಗಟ್ಟಿ ಎಂಬುದು ಈಗ ತಿಳಿಯಿತು. ಅವಳು ಸುಸ್ತಾದಾಗ ಜಯಶ್ರೀ ತಗೊಂಡಳು, ಜಯಶ್ರೀ ಸುಸ್ತಾದಾಗ ಅವಳು. ಯಲ್ಲಪ್ಪ ಒಂದರ ಮೇಲೊಂದು ಏರಿಸಿದ ಪದರುಗಳು ಒಂದೊಂದಾಗಿ ಬಿರಿದವು. ಕೊನೆಗೆ ಹಾಸುಗಲ್ಲು ಎರಡು ಹೋಳಾಗಿ ಗಟಾರದೊಳಗೆ ಬಿತ್ತು. ಇಬ್ಬರೂ ಕೈಹಾಕಿ ಅದನ್ನು ಎಳೆದು ಹಾಕಿದರು. ಮನೆಯೊಳಗಿನ ಕೆಂಪು ನೀರು ಹೋ ಎಂದು ಹೊರಬಿದ್ದು ಗಟಾರ ಹಿಡಿದು ಕೆಳಗೆ ಓಡಿತು. ಒಳಗೆ ಗೋಡೆ ಇನ್ನೂ ನಿಂತಿತ್ತು.

ಇಬ್ಬರೂ ಏದುಸಿರು ಬಿಡುತ್ತ ರಸ್ತೆಯಲ್ಲೇ ನಿಂತರು. ಜಯಶ್ರೀ ಈಗ ನಾಚಿಕೊಂಡು ಕೆಳಗೆ ನೋಡುತ್ತಿದ್ದಳು. ಆಡಬಾರದ್ದನ್ನು ಆಡಿಬಿಟ್ಟೆ ಎಂದು ಅವಳಿಗೆ ಅನಿಸಿರಬೇಕು, ಒಂದು ಮಾತಿಗಾಗಿ ಕಾಯುತ್ತಿದ್ದಳು. ಸೀಟಿ ನೋಡಿ ನನಗೂ ಹಾಗೇ ಉರೀತಿತ್ತು, ನಮ್ಮತ್ತಿ ನಿನ್ನ ಮನಿ ಮುಂದ ನಗೋದು ಕೇಳಿ ಜೀವ ಹೋಗ್ತಿತ್ತು ಎಂಬ ಮಾತು ಸುಧಾರಾಣಿಯ ನಾಲಿಗೆಯ ತುದಿಗೆ ಬಂದಿತ್ತು. ಆದರೆ ಅದನ್ನು ಕೇಳಿ ಆಕೆಗೆ ಎಷ್ಟು ಸಂತೋಷವಾಗುತ್ತದೆ ಎಂಬುದು ಅವಳಿಗೆ ಈಗ ಚೆನ್ನಾಗಿ ಗೊತ್ತಿತ್ತು. ಅಷ್ಟು ಸಂತೋಷವನ್ನು ಜಯಶ್ರೀಗೆ ಕೊಡಲು ಮನಸ್ಸಾಗಲಿಲ್ಲ.

"ನಡಿ, ಅತ್ತಿ ದಾರಿ ಕಾಯ್ತಿರಬೇಕು," ಎಂದಳು.